ಬಾಗಿಲಿಗೆ ಕಟ್ಟಿದ ಬೇವು

ಇದು ಖರೆ ನಡೆದದ್ದು. ಸುಳ್ಳೆನಿಸಿದರೆ ವಿಶ್ವಾಸನನ್ನೇ ಕೇಳಿ, ಅವನಿಗೀಗ ಬೇಕಾದಷ್ಟು ಪುರುಸೊತ್ತಿದೆ.

ರಜೆಗೆ ಬಂದಿದ್ದ ಆ ಜಮಖಂಡಿಯ ಸಿಪಾಯಿ ಬನಹಟ್ಟಿಯಲ್ಲಿ ತನ್ನ ಬ್ಯಾರಕಿನ ಗೆಳೆಯ ಮಲ್ಲಿನಾಥನ ಪಡಸಾಲೆಯಲ್ಲಿ ನಿಂತು ಮಗ್ಗದ ನಕಲು ಮಾಡುತ್ತಿದ್ದ. “ಖಟಾಖಟ್, ಖಟಾಖಟ್” ಎನ್ನುತ್ತ ಹೊಟ್ಟೆ, ತೋಳು ಪರಪರ ಕೆರೆದುಕೊಂಡ.

“ಲೇ ಮಲ್ಯಾ, ಎಲ್ಲಾರೂ ಸೆಲ್ಯೂಟ್ ಹೊಡದ್ರ ನೀ ತುರಿಸ್ಕೋತಿ. ನಿನ್ನ ಇಸುಬು ನೋಡಿದ್ರ ದುಶ್ಮನ್ ಬಂದೂಕು ಒಗದು ಓಡ್ತಾನ.”

ಮಲ್ಲಿನಾಥ ತುಂಬುತೋಳಿನ ಅಂಗಿಯ ಮುಂಗೈ ಗುಂಡಿ ಹಾಕಿಕೊಂಡ. ಕನ್ಯೆಯ ಕಡೆಯ ಎರಡು ಮನೆಯವರು ಅವನ ಮೊಳಕೈ ನೋಡಿ ಎದ್ದುಹೋಗಿದ್ದರು. ಇವತ್ತು ನಾಲ್ಕಕ್ಕೆ ವರನನ್ನು ನೋಡಲು ಮುಧೋಳದವರು ಬರುವವರಿದ್ದರು.

“ನಮ್ಮ ಮನಿತನದಾಗ ಯಾರಿಗೂ ಒಂದು ಗುಳ್ಳಿ ಎದ್ದಿಲ್ಲ,” ವಿಶ್ವಾಸ ಮತ್ತೆ ಕೆರೆದುಕೊಂಡ. “ನೇಕಾರ ಓಣ್ಯಾಗ ಹುಟ್ಟಿದ್ರ ಹಿಂಗ.”

ಉಂಡು ಮಲ್ಲಿನಾಥ ಅಡ್ಡಾಗಿ ನಿದ್ದೆಹೋದ. ವಿಶ್ವಾಸ ದೇವರ ಜಗಲಿಯ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಕಡ್ಡಿಯಿಂದ ಅವನ ಮುಖದ ತುಂಬ ಚುಕ್ಕೆ ಇಟ್ಟು ಕೂಗಿದ: “ಕಾಕೂ! ಮಲ್ಯಾಗ ಅಮ್ಮ ಬಂದಾಳ್ರೀ!”

ಬ್ಯಾರಕಿನಲ್ಲಿ ಮೂವರಿಗೆ ಚಿಕನ್‌ಪಾಕ್ಸ್ ಆದದ್ದು ತಾಯಿ ಲಕ್ಷ್ಮವ್ವನಿಗೆ ಗೊತ್ತಿತ್ತು. ಒಗ್ಗರಣೆ ಇಳಿಸಿ, ಬಾಗಿಲಿಗೆ ಬೇವು ಸಿಗಿಸಿ, “ತಂಪಾಗಿ ಬಾ ತಾಯಿ” ಎಂದು ಒದ್ದೆ ಬಟ್ಟೆಯಿಂದ ಮಗನ ಹಣೆ ಒರೆಸಿದಳು. ಬಟ್ಟೆ ಕೆಂಪಾಯಿತು, ಹಣೆ ಸ್ವಚ್ಛವಾಯಿತು. ವಿಶ್ವಾಸ ಹೊಟ್ಟೆ ಹಿಡಿದು ನಕ್ಕ, ನಗುತ್ತಲೇ ಕೆರೆದುಕೊಂಡ. ಅವನ ಅಂಗಿ ಮೇಲೆದ್ದಲ್ಲಿ ನೀರು ತುಂಬಿದ ನಾಲ್ಕು ಗುಳ್ಳೆ ಕಂಡವು.

“ತಮ್ಮಾ, ಏನದು?”

“ಸೊಳ್ಳಿ ಕಡದಾವ್ರೀ.”

ಬೈಯಲು ಬಾಯಿ ತೆರೆದ ಲಕ್ಷ್ಮವ್ವ ತಟ್ಟನೆ ಕೈ ಮುಗಿದಳು. “ತಪ್ಪಾತು ತಾಯಿ. ಬಂದ ಮನಿಯಿಂದ ಅಮ್ಮನ್ನ ಎಬ್ಬಿಸಿ ಕಳಸೂದಿಲ್ಲ. ಇಳಿಯೂತನಕ ಇಲ್ಲೇ ಮಲಗು. ಜಳಕ ಇಲ್ಲ, ಒಗ್ಗರಣಿ ಇಲ್ಲ.”

“ಇಲ್ಲೇ? ನೇಕಾರ ಓಣ್ಯಾಗ?”

“ಹಿಂದಿನ ಖೋಲ್ಯಾಗ. ಮಗ್ಗದ ಬಾಜೂಕ.”

ನಾಲ್ಕಕ್ಕೆ ಮುಧೋಳದವರ ಗಾಡಿ ಬಂತು. “ಅಯ್ಯ, ಬೇವು ಕಟ್ಯಾರ. ಹೊಳ್ಳಸ್ರಿ, ಹೊಳ್ಳಸ್ರಿ!” ಗಾಡಿಯೊಳಗಿನಿಂದ ಹೆಂಗಸಿನ ದನಿ. ಯಾರೂ ಇಳಿಯಲಿಲ್ಲ, ಗಾಡಿ ಬಂದ ದಾರಿಗೇ ತಿರುಗಿತು.

ಗಾಡಿ ಓಣಿ ದಾಟುವವರೆಗೂ ಮಲ್ಲಿನಾಥ ಕಿಟಕಿಯಲ್ಲಿ ನಿಂತಿದ್ದ. ಈ ಸಲ ಅವನ ಮೊಳಕೈ ಯಾರೂ ನೋಡಿರಲಿಲ್ಲ. ಹಿಂದಿನ ಖೋಲಿಯಲ್ಲಿ ಮಗ್ಗ ಖಟಾಖಟ್ ಎನ್ನುತ್ತಿತ್ತು, ಅದರ ತಾಳಕ್ಕೇ ವಿಶ್ವಾಸ ಕೆರೆದುಕೊಳ್ಳುತ್ತಿದ್ದ. ಓಣಿಯ ಮಂದಿಯೆಲ್ಲ ಆ ಖೋಲಿಯ ಕಿಟಕಿಗೆ ಬಂದು ಮುಸಿಮುಸಿ ನಗುತ್ತಿದ್ದರು.

“ನಗಬ್ಯಾಡ್ರೋ, ತಾಯಿ ಸಿಟ್ಟಾಗ್ತಾಳ!” ಲಕ್ಷ್ಮವ್ವ ಗದರಿದಳು.

ಕಿವಿಯಲ್ಲಿನ್ನೂ ಕುಂಕುಮ ಉಳಿದಿದ್ದ ಮಲ್ಲಿನಾಥ ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಮೊಳಕೈ ಮೇಲಕ್ಕೆ ಮಡಚಿ, ಎಲ್ಲರಿಗಿಂತ ಜೋರಾಗಿ ನಕ್ಕ.