ದೊಡ್ಡಮ್ಮ ಸ್ನಾನಕ್ಕೆ ಹೋಗಿದ್ದಾರೆ

ಹೋಟೆಲಿನಲ್ಲಿ ರೂಮು ಶುಚಿ ಮಾಡುವ ಕೆಲಸ ನನ್ನದು. ಸುಮ್ಮನೆ ಗುಡಿಸಿ ಒರೆಸುವುದು ಅಂದುಕೊಳ್ಳಬೇಡಿ. ನಿನ್ನೆ ಇಲ್ಲಿ ಒಬ್ಬ ಮನುಷ್ಯ ಮಲಗಿದ್ದ, ಹಲ್ಲುಜ್ಜಿದ್ದ, ಚಹಾ ಕುಡಿದಿದ್ದ ಅನ್ನುವ ಒಂದು ಗುರುತೂ ಇವತ್ತು ಬಂದವರ ಕಣ್ಣಿಗೆ ಬೀಳಬಾರದು. ದಿಂಬಿನ ತಗ್ಗು, ಬಾತ್‌ರೂಮಿನ ಕೂದಲು, ಲೋಟದ ಅಂಚಿನ ತುಟಿಯ ಕಲೆ, ಕನ್ನಡಿಯ ಮೇಲಿನ ಬೆರಳಚ್ಚು ಎಲ್ಲ ಮಾಯವಾಗಬೇಕು. ಒಂದು ಕೂದಲು ಸಿಕ್ಕರೆ ಸಾಕು, ನಮ್ಮ ಸೂಪರ್‌ವೈಸರಮ್ಮ ಹೆಣ ಕಂಡವಳ ಹಾಗೆ ಕೂಗಿಕೊಳ್ಳುತ್ತಾಳೆ. ಅವಳಿಗೆ ನಾವಿಟ್ಟ ಹೆಸರು ಸೈರನ್. ನನ್ನ ರೂಮುಗಳಲ್ಲಿ ಸೈರನ್ ಕೂಗಿದ್ದೇ ಇಲ್ಲ.

ಮನೆಯಲ್ಲಿ ಮಾತ್ರ ನನ್ನದು ತದ್ವಿರುದ್ಧ ಕೆಲಸ. ಇಲ್ಲದವಳೊಬ್ಬಳನ್ನು ಇದ್ದಾಳೆ ಅನ್ನುವಂತೆ ದಿನಾ ಬೆಳಿಗ್ಗೆ ಜೋಡಿಸಿಡುತ್ತಿದ್ದೆ.

ಯಾಕೆ ಅಂತೀರಾ? ನನ್ನ ಮಗಳು ಪುಟ್ಟಿ ಎರಡನೇ ಕ್ಲಾಸು. ಅವಳಪ್ಪ ಎಲ್ಲಿ ಅಂತ ಕೇಳಬೇಡಿ, ಬಾಯಿಗೆ ಬಂದದ್ದು ಅಂದುಬಿಡುತ್ತೇನೆ. ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ಸರ್ಕಾರ ಒಂದು ಭತ್ಯೆ ಕೊಡುತ್ತದೆ. ಅದಿಲ್ಲದಿದ್ದರೆ ಮನೆ ಬಾಡಿಗೆ ಕಟ್ಟುವ ಹಾಗಿಲ್ಲ, ಬೀದಿಯೇ ಗತಿ. ಭತ್ಯೆ ಬೇಕಾದರೆ ನಾನು ಕೆಲಸಕ್ಕೆ ಹೋಗುತ್ತಿರಬೇಕು. ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳಲು ದೊಡ್ಡವರೊಬ್ಬರು ಬರಬೇಕು. ಬರಬೇಕು ಅಷ್ಟೆ, ಮನೆಯಲ್ಲೇ ಉಳಿಯಬಾರದು. ಉಳಿದರೆ ನಾನು ಒಂಟಿಯಲ್ಲ, ಭತ್ಯೆ ಬಂದ್. ಯಾರೂ ಬರುವುದಿಲ್ಲ, ಮಗು ಒಬ್ಬಳೇ ಇರುತ್ತಾಳೆ ಎಂದು ಗೊತ್ತಾದರೆ ಇನ್ನೂ ಚೆಂದ, ಮಗುವನ್ನೇ ಕರೆದುಕೊಂಡು ಹೋಗಿ ಎಲ್ಲೋ ಇಡುತ್ತಾರೆ. ಈ ನಿಯಮ ಮಾಡಿದ ಪುಣ್ಯಾತ್ಮನ ಮಕ್ಕಳನ್ನು ಖಂಡಿತ ಬೇರೆ ಯಾರೋ ಸಾಕಿರಬೇಕು.

ಡೇ ಕೇರಿನಲ್ಲಿ ಜಾಗವಿಲ್ಲ, ಸರದಿ ಬರುವ ಹೊತ್ತಿಗೆ ಪುಟ್ಟಿಗೆ ಮದುವೆ ವಯಸ್ಸಾಗಿರುತ್ತದೆ. ಶಾಲೆ ಬಿಡುವುದಕ್ಕೂ ನನ್ನ ಶಿಫ್ಟು ಮುಗಿಯುವುದಕ್ಕೂ ನಡುವಿನ ಹೊತ್ತೇ ನನ್ನ ತಲೆನೋವು. ಭತ್ಯೆ ಆಫೀಸಿನ ಮೇಡಂ ಎದುರು ಕೂತಾಗ ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟೆ.

"ಮಗೂನ ಯಾರಮ್ಮ ನೋಡ್ಕೋತಾರೆ?"

"ನಮ್ಮಕ್ಕ ಮೇಡಂ. ಪುಟ್ಟಿಗೆ ದೊಡ್ಡಮ್ಮ. ಶಾಲೆ ಬಿಟ್ಟಾಗ ಬರ್ತಾಳೆ, ನಾನು ಬಂದ ಮೇಲೆ ಹೋಗ್ತಾಳೆ."

ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಆದರೆ ಆಫೀಸಿನವರು ಹೇಳದೆ ಕೇಳದೆ ಬಂದು ನೋಡುವುದುಂಟು. ಬಂದಾಗ ಅಕ್ಕ ಕಾಣದಿದ್ದರೂ ಅಕ್ಕನ ಗುರುತು ಕಾಣಬೇಕಲ್ಲ?

ಗುರುತು ಸಿಕ್ಕಿದ್ದು ಹೋಟೆಲಿನಲ್ಲೇ. ನನ್ನ ಮಹಡಿಯ ಕೊನೆಯ ರೂಮಿನಲ್ಲಿ ನರೆಗೂದಲಿನ ಹೆಂಗಸೊಬ್ಬಳು ಇದ್ದಳು. ಹಾಸಿಗೆ ಸರಿಮಾಡಲು ಹೋದಾಗಲೆಲ್ಲ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಒಂದು ದಿನ ನನ್ನ ಕೈ ಹಿಡಿದುಕೊಂಡು, "ನನ್ ಮಗು ಬಾಗಿಲು ತೆಗೀಲಿಲ್ಲ ಕಣಮ್ಮ" ಅಂದಳು. ಈ ವಯಸ್ಸಿಗೆ ಇವಳಿಗೆಂಥ ಮಗು, ಪಾಪ ಅರಳುಮರಳು ಎಂದುಕೊಂಡೆ. ಮಾರನೆಯ ದಿನ ಅವಳಿರಲಿಲ್ಲ. ಬ್ಯಾಗು ಮಾತ್ರ ಇತ್ತು. ಬೂದು ಶಾಲು, ಸವೆದ ಚಪ್ಪಲಿ, ನರೆಗೂದಲು ಸಿಕ್ಕಿಕೊಂಡ ಬಾಚಣಿಗೆ. ಎಷ್ಟು ಕಾಲವಾದರೂ ಕೇಳಿಕೊಂಡು ಯಾರೂ ಬರಲಿಲ್ಲ. "ಬಿಸಾಕೇ ಅದನ್ನ" ಎಂದಳು ಸೈರನ್. ನಾನು ಮನೆಗೆ ತಂದೆ.

ಒಬ್ಬ ಮನುಷ್ಯ ಏನೇನು ಬಿಟ್ಟು ಹೋಗುತ್ತಾನೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಗಿಲ ಬಳಿ ಚಪ್ಪಲಿ, ಒಂದು ಸ್ವಲ್ಪ ಓರೆಯಾಗಿ. ಕುರ್ಚಿಯ ಬೆನ್ನಿಗೆ ಶಾಲು. ಬಾತ್‌ರೂಮಿನಲ್ಲಿ ಒದ್ದೆ ಟವೆಲು, ಬಾಚಣಿಗೆ. ಮೇಜಿನ ಮೇಲೆ ತಳದಲ್ಲಿ ಎರಡು ಗುಟುಕು ಚಹಾ ಉಳಿದ ಲೋಟ. ಸೋಫಾದ ದಿಂಬಿಗೆ ಮೊಣಕೈಯಿಂದ ಒತ್ತಿ ಮಾಡಿದ ತಗ್ಗು. ಪುಟ್ಟಿಗೆ ಪಾಠ ಹೇಳಿಕೊಟ್ಟೆ.

"ಯಾರಾದ್ರೂ ಬೆಲ್ ಮಾಡಿದ್ರೆ ಬಾಗಿಲ ಚೈನ್ ತೆಗೀಬಾರ್ದು. ಏನ್ ಹೇಳ್ತೀಯಾ?"

"ದೊಡ್ಡಮ್ಮ ಸ್ನಾನಕ್ಕೆ ಹೋಗಿದಾರೆ. ಆಮೇಲೆ ಬನ್ನಿ."

"ಜಾಣೆ."

ಕೆಲವು ವಾರ ಎಲ್ಲ ಸುಸೂತ್ರ. ಆಮೇಲೆ ಒಂದು ಸಂಜೆ ಬಂದು ನೋಡುತ್ತೇನೆ, ಪುಟ್ಟಿಯ ತಲೆಯಲ್ಲಿ ನಾಲ್ಕು ಕಾಲಿನ ಜಡೆ. ಬಿಗಿಯಾಗಿ, ಒಂದು ಎಳೆ ಆಚೀಚೆಯಾಗದ ಹಾಗೆ. ನನಗೆ ಮೂರು ಕಾಲಿನ ಜಡೆಯೇ ನೆಟ್ಟಗೆ ಬರುವುದಿಲ್ಲ.

"ಯಾರೇ ಹಾಕಿದ್ದು ಇದನ್ನ?"

"ದೊಡ್ಡಮ್ಮ."

"ಹುಚ್ಚುಚ್ಚಾಗಿ ಆಡ್ಬೇಡ. ಪಕ್ಕದ ಮನೆಗೆ ಹೋಗಿದ್ಯಾ?"

ಅವಳು ನನ್ನನ್ನೇ ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. "ನೀನೇ ಅಲ್ವಾ ಅವರನ್ನ ಇಟ್ಟಿದ್ದು?"

ಮೇಜಿನ ಮೇಲಿನ ಲೋಟ ನೋಡಿದೆ. ಚಹಾ ಖಾಲಿಯಾಗಿತ್ತು. ದಿಂಬಿನ ತಗ್ಗು ನಾನು ಒತ್ತಿದ್ದಕ್ಕಿಂತ ಆಳವಾಗಿತ್ತು, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಹೆದರಿದೆ. ಆದರೆ ನಿಜ ಹೇಳಲೇ? ಹೆದರಿಕೆಯ ಹಿಂದೆಯೇ ಸಮಾಧಾನವೂ ಆಯಿತು. ಮಗುವಿನ ಜೊತೆ ಯಾರೋ ಇದ್ದಾರಲ್ಲ ಅನ್ನಿಸಿತು. ಹೋಟೆಲಿನಲ್ಲಿ ಬೆಡ್‌ಶೀಟು ಕೊಡವುವಾಗಲೆಲ್ಲ, ಪುಟ್ಟಿ ಸ್ಟೂಲು ಹಾಕಿಕೊಂಡು ಗ್ಯಾಸ್ ಹಚ್ಚುತ್ತಿದ್ದಾಳೇನೋ ಎಂದು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿರುತ್ತಿದ್ದವಳು, ಮರುದಿನ ನಿಶ್ಚಿಂತೆಯಾಗಿ ಕೆಲಸ ಮಾಡಿದೆ. ಬೆಳಿಗ್ಗೆ ಲೋಟ ತುಂಬ ಚಹಾ ಬಿಟ್ಟು ಹೋಗಿದ್ದೆ. ಇಂಥ ತಾಯಿ ನಾನು.

ಕೆಟ್ಟದ್ದು ಆಫೀಸಿನ ಕಡೆಯಿಂದ ಬಂತು. ಮೇಡಂ ಕರೆಸಿ ಕೂರಿಸಿಕೊಂಡರು.

"ಏನಮ್ಮಾ, ನಿಮ್ಮಕ್ಕ ನಿಮ್ ಜೊತೇಲೇ ಇದಾರಂತೆ?"

"ಇಲ್ಲ ಮೇಡಂ, ಬಂದು ಹೋಗ್ತಾಳೆ ಅಷ್ಟೆ."

"ಸುಳ್ಳು ಹೇಳ್ಬೇಡಿ. ಕೆಳಗಡೆ ಮನೆ ತಾತ ಬೆಳಿಗ್ಗೆನೂ ನೋಡಿದಾರೆ, ಸಂಜೆನೂ ನೋಡಿದಾರೆ. ಬೂದು ಶಾಲು ಹೊದ್ಕೊಂಡು ಕಿಟಕೀಲಿ ನಿಂತಿರ್ತಾರಂತೆ. ನಾನೇ ಬಂದು ನೋಡ್ತೀನಿ. ಅವರು ಅಲ್ಲೇ ಇದ್ರೆ ಭತ್ಯೆ ನಿಲ್ಸೋದೇ."

ಅಕ್ಕ ಇದ್ದಾಳೆ ಎಂದರೆ ಮನೆ ಹೋಗುತ್ತದೆ, ಇಲ್ಲವೇ ಇಲ್ಲ ಎಂದರೆ ಮಗು ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳು ಇನ್ನೊಂದು ಸುಳ್ಳು ಹೇಳಿದೆ.

"ಅಕ್ಕ ಹೊರಟು ಹೋದ್ಲು ಮೇಡಂ. ನನ್ ಶಿಫ್ಟೇ ಬದಲಾಯ್ತು. ಇನ್ಮೇಲೆ ಶಾಲೆ ಬಿಡೋ ಹೊತ್ತಿಗೆ ನಾನೇ ಮನೇಲಿ ಇರ್ತೀನಿ."

ಮೇಡಂ ಕನ್ನಡಕದ ಮೇಲಿಂದ ನೋಡಿ, "ಇದ್ರೆ ಒಳ್ಳೇದು. ತಾಯೀನೇ ಇದ್ರೆ ಅದಕ್ಕಿಂತ ಇನ್ನೇನ್ ಬೇಕು" ಎಂದರು.

ಆ ದಿನ ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಹೋಟೆಲಿನ ರೂಮು ಖಾಲಿ ಮಾಡುವ ಹಾಗೆ ದೊಡ್ಡಮ್ಮನನ್ನು ಖಾಲಿ ಮಾಡಿದೆ. ದಿಂಬು ಬಡಿದೆ, ಟವೆಲು ಒಗೆದೆ, ಲೋಟ ತಿಕ್ಕಿದೆ, ಕಿಟಕಿಯ ಗಾಜಿನ ಮೇಲೆ ನನ್ನದಲ್ಲದ ಹಸ್ತದ ಅಚ್ಚಿತ್ತು, ಅದನ್ನೂ ಒರೆಸಿದೆ. ಶಾಲು, ಚಪ್ಪಲಿ, ಬಾಚಣಿಗೆ ಬ್ಯಾಗಿಗೆ ಹಾಕಿ, ಮರುದಿನ ಹೋಟೆಲಿನಲ್ಲಿ ಮರೆತ ಸಾಮಾನು ಇಡುವ ಕಪಾಟಿಗೆ ತುರುಕಿದೆ. ನಾನು ಬ್ಯಾಗು ತುಂಬುವಾಗ ಪುಟ್ಟಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು.

"ದೊಡ್ಡಮ್ಮ ಏನ್ ಮಾಡಿದ್ರು ನಿಂಗೆ?" ಎಂದಳು.

"ದೊಡ್ಡಮ್ಮನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಅವಳನ್ನ ಆಫೀಸಿನವರು ನೋಡಿದ್ರೆ ನಮ್ ಭತ್ಯೆ ಹೋಗತ್ತೆ, ಗೊತ್ತಾಯ್ತಾ? ಇನ್ಮೇಲೆ ಯಾರಾದ್ರೂ ಬಂದ್ರೆ, ಅಮ್ಮ ಸ್ನಾನಕ್ಕೆ ಹೋಗಿದಾರೆ ಅನ್ನು."

ಶಿಫ್ಟು ಬದಲಾಗಿರಲಿಲ್ಲವಲ್ಲ. ಹೀಗಾಗಿ ಮಾರನೆಯ ಬೆಳಿಗ್ಗೆ ನನ್ನನ್ನೇ ಜೋಡಿಸಿಟ್ಟೆ. ಎಂಥ ತಪ್ಪು ಮಾಡುತ್ತಿದ್ದೇನೆಂದು ಹೊಳೆಯಲೂ ಇಲ್ಲ, ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಬಾಗಿಲ ಬಳಿ ನನ್ನ ಹಳೆ ಚಪ್ಪಲಿ. ಕುರ್ಚಿಗೆ ನನ್ನ ನೈಟಿ. ಬಾಚಣಿಗೆಯಲ್ಲಿ ನನ್ನ ಕೂದಲು. ನನ್ನ ಲೋಟದಲ್ಲಿ ನನ್ನ ಚಹಾ.

ಮೇಡಂ ಬಂದು ಹೋದರಂತೆ. ನಾನು ಹೋಟೆಲಿನಲ್ಲಿದ್ದಾಗಲೇ. ಫೋನು ಮಾಡಿ, "ನಿಮ್ ಜೊತೆ ಮಾತಾಡಿ ಖುಷಿಯಾಯ್ತಮ್ಮ. ಭತ್ಯೆ ಮುಂದುವರಿಯತ್ತೆ" ಎಂದರು. ಕೈಯಲ್ಲಿದ್ದ ಬಕೆಟ್ಟು ಅಲ್ಲೇ ಬಿತ್ತು.

ಸಂಜೆ ಪುಟ್ಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮತ್ತೆ ಸೀರೆ ಉಟ್ಕೊಂಡ್ಯಾ? ನೈಟಿ ಎಲ್ಲಿ?" ಎಂದಳು. ಕೋಣೆಗೆಲ್ಲ ಈಗಷ್ಟೇ ಕಾಸಿದ ಹಾಲಿನ ವಾಸನೆ. ಅವಳ ಹೋಮ್‌ವರ್ಕು ಮುಗಿದಿತ್ತು. ಉಗುರು ಕತ್ತರಿಸಿತ್ತು. ನಾನು ತಿಂಗಳಿಂದ ನಾಳೆ ನಾಳೆ ಅನ್ನುತ್ತಿದ್ದ ಕೆಲಸ ಅದು. ಮಡಿಲಿಗೆ ಎಳೆದುಕೊಂಡೆ. ಮೊದಲಾದರೆ ಜಿಗಿದು ಕೊರಳಿಗೆ ಬೀಳುತ್ತಿದ್ದವಳು, ಸುಸ್ತಾದವಳ ಹಾಗೆ, "ಎಷ್ಟು ಸಲ ಮುದ್ದು ಮಾಡ್ತೀಯಮ್ಮ ಇವತ್ತು" ಎಂದಳು.

ಅವತ್ತು ನನ್ನ ಸಾಮಾನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಹಳೆ ಚಪ್ಪಲಿ ಬಾಗಿಲ ಬಳಿಯೇ ಇತ್ತು, ಒಂದು ಸ್ವಲ್ಪ ಓರೆಯಾಗಿ.

ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ದೊಡ್ಡಮ್ಮ ಯಾರೇ ಆಗಿರಲಿ, ಪುಟ್ಟಿಯನ್ನು ನನ್ನಿಂದ ಕಿತ್ತುಕೊಂಡಿರಲಿಲ್ಲ. ಭತ್ಯೆ ಹಾಳಾಗಿ ಹೋಗಲಿ, ಅವಳನ್ನೇ ವಾಪಸು ತರುತ್ತೇನೆ ಎಂದು ನಿರ್ಧಾರ ಮಾಡಿದೆ. ಶಾಲೆ ಬಿಡುವ ಹೊತ್ತಿಗೆ ಹೊಟ್ಟೆನೋವು ಎಂದು ಸೈರನ್‌ಗೆ ಹೇಳಿ, ಕಪಾಟಿನಿಂದ ಬ್ಯಾಗು ತೆಗೆದುಕೊಂಡು ಹೊರಟೆ. ಬೀದಿಯಲ್ಲಿ ಚಳಿಗಾಳಿ ಕೊರೆಯುತ್ತಿತ್ತು. ಬೂದು ಶಾಲು ತೆಗೆದು ಹೊದ್ದುಕೊಂಡೆ. ಬೆಚ್ಚಗಿತ್ತು.

ಮೆಟ್ಟಿಲ ಮೇಲೆ ಎದುರಾದ ಕೆಳಮನೆಯ ತಾತ, "ಬಂದ್ರಾ? ಸುಮಾರು ದಿನ ಆಗಿತ್ತು ನಿಮ್ಮನ್ನ ನೋಡಿ" ಎಂದು ನಕ್ಕ. ದಿನಾ ನೋಡುವವನು ಹೀಗ್ಯಾಕೆ ಅಂದ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ.

ಬೀಗದಕೈ ತಿರುಗಿತು, ಒಳಗೆ ಚೈನು ಹಾಕಿತ್ತು. ಬೆಲ್ ಒತ್ತಿದೆ. ಬಾಗಿಲು ಒಂದಿಷ್ಟೇ ತೆರೆಯಿತು. ಪುಟ್ಟಿಯ ಒಂದು ಕಣ್ಣು, ಅರ್ಧ ಮುಖ.

"ಅಮ್ಮ ಸ್ನಾನಕ್ಕೆ ಹೋಗಿದಾರೆ. ಆಮೇಲೆ ಬನ್ನಿ."

"ಪುಟ್ಟೀ, ನಾನು ಕಣೇ. ಚೈನ್ ತೆಗಿ."

ಅವಳ ಕಣ್ಣು ನನ್ನ ಮುಖದ ಮೇಲೆ ನಿಲ್ಲಲೇ ಇಲ್ಲ. ಶಾಲಿನ ಮೇಲೆ ಹೋಯಿತು, ಬ್ಯಾಗಿನ ಮೇಲೆ ಹೋಯಿತು, ಅರಳಿತು.

"ದೊಡ್ಡಮ್ಮಾ!"

ಒಳಗೆ ನೀರಿನ ಸದ್ದು ನಿಂತಿತು. "ಯಾರೇ ಪುಟ್ಟೀ ಅದು?" ಎಂದಿತು ಬಾತ್‌ರೂಮಿನಿಂದ ಒಂದು ದನಿ. ನನ್ನದೇ ದನಿ. ಆದರೆ ದಿನವಿಡೀ ಹಾಸಿಗೆ ಎತ್ತಿ ಸುಸ್ತಾದದ್ದಲ್ಲ, ರಜೆಯ ಬೆಳಿಗ್ಗೆಯದ್ದು.

"ದೊಡ್ಡಮ್ಮ ಬಂದಿದಾರಮ್ಮ!"

"ಬೇಗ ಕಳ್ಸು ಅವಳನ್ನ. ಆಫೀಸಿನವರು ನೋಡಿದ್ರೆ ನಮ್ ಭತ್ಯೆ ಹೋಗತ್ತೆ, ಗೊತ್ತಾಯ್ತಾ?"

ಸಂದಿಯಲ್ಲಿ ಕೈ ತೂರಿಸಿ ಅವಳ ಬೆರಳು ಹಿಡಿದುಕೊಂಡೆ. "ಪುಟ್ಟೀ, ನನ್ನ ಮುಖ ನೋಡು. ನಾನು ನಿನ್ನಮ್ಮ. ನಿನ್ನನ್ನ ಹೆತ್ತಿದ್ದು ನಾನು. ನಿನಗೋಸ್ಕರ ತಾನೇ ಇಷ್ಟೆಲ್ಲ..." ಅಳು ಬಂದುಬಿಟ್ಟಿತು. ಬಾಗಿಲೆದುರಿನ ಗೋಡೆಯ ಕನ್ನಡಿಯಲ್ಲಿ, ಅವಳ ತಲೆಯ ಹಿಂದೆ, ಬೂದು ಶಾಲು ಹೊದ್ದ ಒಬ್ಬಳು ಕಾಣುತ್ತಿದ್ದಳು. ಅವಳ ಕೂದಲೆಲ್ಲ ನರೆತಿತ್ತು.

ಪುಟ್ಟಿಗೆ ಪಾಪ ಅನ್ನಿಸಿರಬೇಕು. ನನ್ನ ಕೈಯನ್ನು ಮೆಲ್ಲಗೆ ಆಚೆ ಸರಿಸಿ, ಬಾತ್‌ರೂಮಿನ ಕಡೆ ಒಮ್ಮೆ ತಿರುಗಿ ನೋಡಿ, ಪಿಸುಗುಟ್ಟಿದಳು.

"ಅಳ್ಬೇಡಿ ದೊಡ್ಡಮ್ಮ. ಅಮ್ಮ ಕೆಲಸಕ್ಕೆ ಹೋದಾಗ ಬನ್ನಿ."

"ಯಾವಾಗ ಹೋಗ್ತಾಳೆ ನಿಮ್ಮಮ್ಮ ಕೆಲಸಕ್ಕೆ?"

ಪುಟ್ಟಿಯ ಮುಖದಲ್ಲಿ ಅಂಥ ಖುಷಿಯನ್ನು ನಾನು ಎಂದೂ ಕಂಡಿರಲಿಲ್ಲ.

"ಇನ್ಮೇಲೆ ಹೋಗೋದೇ ಇಲ್ವಂತೆ" ಎಂದಳು, ಬಾಗಿಲು ಹಾಕಿಕೊಂಡಳು.