ಬೋರವ್ವ ಗುರುತಿಟ್ಟ ಜಾಗ

ಆ ಮುಂಜಾನೆ ಹಿನ್ನೀರಿನ ಮೇಲೆ ಮಂಜು ಆಳೆತ್ತರಕ್ಕೆ ನಿಂತಿತ್ತು. ಅದರ ಮೇಲೆ ಆಕಾಶ ತೊಳೆದಿಟ್ಟ ತಾಟಿನಂತೆ ನಿಚ್ಚಳವಾಗಿತ್ತು. ಇಳಕಲ್ಲಿನ ಮೊದಲ ಬಸ್ಸು ಹಿಡಿದು, ಕ್ರಾಸಿನಿಂದ ಟಂಟಂ ಆಟೋದಲ್ಲಿ ಬಂದ ರತ್ನವ್ವ, ಇಳಿಯುತ್ತಲೇ ಸೆರಗಿನ ತುದಿ ಎತ್ತಿ ಹಿಡಿದು ಗಾಳಿ ನೋಡಿದಳು. ಮೂಡಗಾಳಿ. ಅಂದರೆ ದೋಣಿಗಳು ನಡುಗಡ್ಡೆಯ ಈಚೆಗೆ ಹೊರಳುತ್ತವೆ, ದಂಡೆಯವರಿಗೆ ಚೆನ್ನಾಗಿ ಕಾಣುತ್ತವೆ. ಹೀಗೆ ಗಾಳಿ ನೋಡುವುದನ್ನು ಕಲಿಸಿದವಳು ತವರೂರಿನ ಬೋರವ್ವ. ಆ ಬೋರವ್ವನ ಮಣ್ಣಿಗೇ ತಾನು ಬಂದದ್ದೆಂಬುದು ಮರುಗಳಿಗೆ ನೆನಪಾಗಿ ಅವಳು ಸೆರಗನ್ನು ಬಾಯಿಗಿಟ್ಟುಕೊಂಡಳು.

ಹಳೆಯ ಊರು ನೀರಿನಲ್ಲಿ ಹೋದಾಗ ದಿಬ್ಬದ ಮೇಲಿನ ಬೀರಪ್ಪನ ಗುಡಿಯೊಂದು ಉಳಿದಿತ್ತು. ದಿಬ್ಬವೇ ನಡುಗಡ್ಡೆಯಾಯಿತು. ದೀಪಾವಳಿ ಕಳೆದ ಮೇಲೆ ಏಳು ಊರಿನ ಪಲ್ಲಕ್ಕಿಗಳು ಏಳು ದೋಣಿ ಹತ್ತಿ ಅಲ್ಲಿಗೆ ಹೋಗುತ್ತವೆ. ಒಂದೊಂದು ದೋಣಿಯಲ್ಲೂ ಮೂರಾಳೆತ್ತರದ ಬಿದಿರ ಗಳ, ತುದಿಯಲ್ಲಿ ನಿಶಾನಿ. ನೋಡಲು ಊರೂರಿನ ಜನ ನೆರೆಯುತ್ತಾರೆ. ಎಲ್ಲಿ ನಿಂತರೆ ಕಾಣುತ್ತದೆ ಎಂದು ಹೇಳುವವಳು ಬೋರವ್ವ. ಯಾರೂ ನೇಮಿಸಿದ್ದಲ್ಲ. ನೀರು ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಇರುವುದಿಲ್ಲ. ಹೀಗಾಗಿ ಎಂಟು ದಿನ ಮೊದಲೇ ಒಂದು ಮುದಿ ಕುರಿಯನ್ನು ಮುಂದೆ ಬಿಟ್ಟುಕೊಂಡು ದಂಡೆ ಅಲೆಯುತ್ತಿದ್ದಳು. ಕುರಿ ಕಾಲಿಡಲು ಹಿಂಜರಿದಲ್ಲಿ ಮನುಷ್ಯರೂ ನಿಲ್ಲಬಾರದು. ಅದು ನಿಶ್ಚಿಂತೆಯಿಂದ ನಿಂತಲ್ಲಿ ಒಂದು ಕಲ್ಲಿಟ್ಟು, ಬೀರಪ್ಪನ ಭಂಡಾರದ ಅರಿಸಿನ ಹಚ್ಚಿ, ಕೈ ಮುಗಿಯುತ್ತಿದ್ದಳು. ಬಸುರಿಯರಿಗೆ ನೆರಳಿನ ಕಲ್ಲು, ಮುದುಕರಿಗೆ ಏರಿಲ್ಲದ ಕಲ್ಲು. ಬಾಗಲಕೋಟೆಯಿಂದ ಕ್ಯಾಮೆರಾ ಹಿಡಿದು ಬಂದವರಿಗೆ, "ಆ ಎಮ್ಮಿ ಮಗ್ಗಲಕ ನಿಂದರ್ರಿ, ಅದು ಸುಮ್ಮನ ನಿಂತೈತಿ, ನೀವೂ ಸುಮ್ಮನ ನಿಲ್ತೀರಿ" ಎಂದಿದ್ದಳು. ಚಿತ್ರ ಚಂದ ಬಂದಿತ್ತಂತೆ.

ಮನೆಯ ಮುಂದೆ ಬೋರವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ಭಂಡಾರ. ಸೊಸೆ ಮಹಾದೇವಿ ರತ್ನವ್ವನ ಕೊರಳಿಗೆ ಬಿದ್ದಳು.

"ನಿನ್ನಿ ಸಂಜಿಕ ಕಡೀ ಕಲ್ಲಿಟ್ಟು ಬಂದ್ಲು ಚಿಗವ್ವಾ. 'ಮಾದೇವಿ, ಕೆಲಸ ಮುಗೀತು, ಒಂದ ಚರಿಗಿ ನೀರ ಕೊಡು' ಅಂದ್ಲು. ತರೂದ್ರಾಗ ಹ್ವಾದ್ಲು."

ಬೀರಪ್ಪನ ಪೂಜಾರಿ ಗುರಲಿಂಗಪ್ಪ ಬೇವಿನ ಬುಡದಲ್ಲಿ ಅವಸರ ಮಾಡುತ್ತಿದ್ದ. "ಇವತ್ತ ಜಾತ್ರಿ. ಊರಾಗ ಹೆಣ ಇಟಗೊಂಡು ಪಲ್ಲಕ್ಕಿ ಏಳಂಗಿಲ್ಲ. ಹತ್ತರೊಳಗ ಮಣ್ಣು ಮುಗೀಬೇಕು. ಹಿಂದಿನ ದಾರಿಲೆ ಎತ್ತರ್ರಿ."

"ದಂಡಿ ಹಿಡದು ಒಯ್ರಿ ಯಪ್ಪಾ," ಎಂದಳು ರತ್ನವ್ವ.

"ಯಾಕ? ಅರ್ಧಾ ತಾಸು ಹೆಚ್ಚ ಹಿಡೀತೈತಿ."

"ಅಕೀದೊಂದು ನನ್ನ ಹತ್ರ ಉಳದೈತ್ರಿ. ಜಾಗ."

"ಜಾಗ ಕುಣ್ಯಾಗ ಐತಿ ಬಿಡವ್ವ, ಹೊತ್ತಿಗೆ ಮುಂಚೆ ತೋಡಿಟ್ಟಾರ," ಎಂದ ಯಾರೋ ಒಬ್ಬ. ಒಂದಿಬ್ಬರು ನಕ್ಕರು. ರತ್ನವ್ವ ನಗಲಿಲ್ಲ, ಕದಲಲೂ ಇಲ್ಲ.

*

ಹತ್ತೊಂಬತ್ತು ವರ್ಷದ ಹಿಂದೆ ರತ್ನವ್ವ ತನ್ನ ಗಂಡ ಬಸವಂತನನ್ನು ಕರೆತಂದಿದ್ದಳು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯ್ದ ಆಳು, ಆಗ ಹತ್ತು ಹೆಜ್ಜೆಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದ. ಹೆಂಡತಿಯ ತವರೂರು ಮುಳುಗಿದ ನೀರಿನ ಮೇಲೆ ದೇವರು ಹೋಗುವುದನ್ನು ಒಮ್ಮೆ ನೋಡಬೇಕೆಂದು ಅವನಿಗೆ ಆಸೆ. ದಂಡೆ ತುಂಬಿಹೋಗಿತ್ತು. ಆ ವರ್ಷದ ಎಲ್ಲಕ್ಕಿಂತ ಒಳ್ಳೆಯ ಕಲ್ಲಿನ ಮೇಲಿಂದ ಬೋರವ್ವ ಎದ್ದಳು. ಅದು ಅವಳು ತನಗೆಂದು ಇಟ್ಟುಕೊಂಡ ಕಲ್ಲು. ಉಳಿದದ್ದೆಲ್ಲ ಊರಿಗೆ, ಅದೊಂದು ತನಗೆ.

"ಕುಂಡ್ರೋ ತಮ್ಮಾ. ಈ ವರ್ಷ ನಿಂದು. ರತ್ನಾ, ಮುಂದಿನ ವರ್ಷ ನಂದು ನನಗ ಕೊಡಬೇಕ ನೋಡು ಮತ್ತ."

ಮರುವರ್ಷ ರತ್ನವ್ವ ಒಬ್ಬಳೇ ಬಂದಳು. ಬೋರವ್ವ ಮತ್ತೆ ತನ್ನ ಕಲ್ಲನ್ನೇ ಬಿಟ್ಟುಕೊಟ್ಟಳು, ಏಳಲು ಹೋದರೆ ಹೆಗಲೊತ್ತಿ ಕೂರಿಸಿದಳು. ದೋಣಿಗಳು ಸರಿದು ಹೋಗುವಾಗ ರತ್ನವ್ವನಿಗೆ ಏನಾಯಿತೋ, ಎದ್ದು ನಡೆಯತೊಡಗಿದಳು. ಇಲ್ಲಿ ಹನುಮಪ್ಪನ ಕಟ್ಟೆ, ಅಲ್ಲಿ ಹೊರಳಿದರೆ ನಮ್ಮ ಓಣಿ. ಕಣ್ಣಿಗೆ ನೀರಿದ್ದರೂ ಕಾಲಿಗೆ ಊರೇ ಇತ್ತು. ಮುಳುಗಿದ ಊರಿನವರೆಲ್ಲ ಮಾಡುವ ತಪ್ಪು ಅದು: ದೋಣಿ ನೋಡುತ್ತ ನೋಡುತ್ತ ತಮ್ಮ ತಮ್ಮ ಓಣಿ ಹಿಡಿದುಬಿಡುತ್ತಾರೆ. ಮೇಲೆ ಒಣಗಿದಂತೆ ಕಾಣುವ ರಾಡಿ ಸೊಂಟದತನಕ ಎಳೆದುಕೊಳ್ಳುತ್ತದೆ. ಬೋರವ್ವ ರಟ್ಟೆ ಹಿಡಿದು ಜಗ್ಗಿ, ಬೆನ್ನಿಗೊಂದು ಬಿಗಿದಳು.

"ಮನಿ ಅಲ್ಲಿಲ್ಲ, ಹುಚ್ಚಿ! ಕುಂಡ್ರ ಇಲ್ಲೇ."

ಅಂದಿನಿಂದ ಪ್ರತಿವರ್ಷ ಬೋರವ್ವ ರಾಡಿಯ ಅಂಚಿನಲ್ಲಿ ನಿಂತಳು. ಕಲ್ಲು ರತ್ನವ್ವನ ಪಾಲಿಗೇ ಉಳಿಯಿತು.

*

"ಪೂಜಾರ್ರ, ನಾ ಒಂದ ಮಾತ ಹೇಳ್ಲ್ಯಾ?"

ದೋಣಿ ನಡೆಸುವ ಮಲೀಕಸಾಬ ಗುಂಪಿನ ಹಿಂದಿನಿಂದ ಎದ್ದು ಬಂದ. "ವರ್ಷಾ ನಾ ನೀರಿನ್ಯಾಗಿಂದ ದಂಡಿ ನೋಡ್ತೇನಿ. ಸಾವಿರ ಮಾರಿ ಕಾಣತಾವು. ಬೋರವ್ವಂದು ಬರೇ ಬೆನ್ನ. ಒಬ್ಬರೂ ರಾಡಿಗೆ ಇಳೀಬಾರದಂತ ಮಂದಿ ಕಡೆ ಮಾರಿ ಮಾಡಿ ನಿಲ್ಲಾಕಿ. ಹದಿನೆಂಟು ವರ್ಷಾತು, ಒಮ್ಮ್ಯೂ ಹೊಳ್ಳಿ ನೋಡಿಲ್ಲ."

ನಗುತ್ತಿದ್ದವರು ನೆಲ ನೋಡಿದರು. ಅಷ್ಟು ವರ್ಷ ರತ್ನವ್ವನ ಕಣ್ಣು ದೋಣಿಗಳ ಮೇಲೆಯೇ ಇತ್ತು. ಬೋರವ್ವನೂ ನೋಡುತ್ತಾಳೆಂದೇ ಅವಳು ತಿಳಿದಿದ್ದಳು.

"ಮಣ್ಣಾಗೂ ಮುಂಚೆ ಪಲ್ಲಕ್ಕಿ ಏಳಂಗಿಲ್ಲೋ ಮಲೀಕ," ಎಂದ ಗುರಲಿಂಗಪ್ಪ. ದನಿ ಇಳಿದಿತ್ತು.

"ಪಲ್ಲಕ್ಕಿ ಬ್ಯಾಡ್ರಿ. ದೋಣಿಗೆ ಎಲ್ಲೀ ಸೂತಕ? ಗಳ ಕಟ್ಟಿ ತಯಾರ ಅದಾವು. ನಾವ ಏಳೂ ಬರಿದೋಣಿ ತರ್ತೇವಿ."

ಪೂಜಾರಿ ನಡುಗಡ್ಡೆಯ ಕಡೆ ಕೈ ಮುಗಿದ. ಆಮೇಲೆ ಭಂಡಾರದ ಚೀಲದಿಂದ ಒಂದು ಚಿಟಿಕೆ ತೆಗೆದು ಮಲೀಕಸಾಬನ ಅಂಗೈಗೆ ಹಾಕಿದ. "ಲಗೂನ ಹೋಗಪಾ. ದಂಡಿಗೆ ಹತ್ತಿ ನಡಸು, ಮುದುಕಿ ಕಣ್ಣು ಮಂಜಾಗಿದ್ದುವು."

ಕೂತ ಭಂಗಿಯಲ್ಲೇ ಬೋರವ್ವನನ್ನು ಚಟ್ಟಕ್ಕೇರಿಸಿ ದಂಡೆ ಹಿಡಿದರು. ದಾರಿಯುದ್ದಕ್ಕೂ ನಿನ್ನೆ ಅವಳೇ ಹಳದಿ ಹಚ್ಚಿದ ಕಲ್ಲುಗಳು. ಜಾಲಿಯ ಹತ್ತಿರದ ಕಲ್ಲನ್ನು ರತ್ನವ್ವ ನೋಡಿದ ಕೂಡಲೇ ಗುರುತಿಸಿದಳು. ಅಷ್ಟು ಚಂದದ ಜಾಗ ಮತ್ತೊಂದಿರಲಿಲ್ಲ. "ಇಲ್ಲೇ ಇಳಸ್ರಿ," ಎಂದಳು.

ಡೊಳ್ಳಿಲ್ಲ, ಜಯಘೋಷವಿಲ್ಲ. ಮಂಜಿನೊಳಗಿಂದ ಮೊದಲು ಗಳಗಳಷ್ಟೇ ಕಂಡವು, ನೀರಿನ ಮೇಲೆ ತಾವೇ ನಡೆದು ಬರುವಂತೆ. ಜನ ಕತ್ತು ಚಾಚಿ ಮುಂದೊತ್ತಿದರು. ಒಬ್ಬ ಮುದುಕಿ, "ಅಲ್ಲೇ ನಮ್ಮ ಹಿತ್ತಲಿತ್ತು," ಎನ್ನುತ್ತ ಹೆಜ್ಜೆ ಎತ್ತಿದಳು.

ರತ್ನವ್ವ ಕಲ್ಲಿನ ಬಳಿಯಿಂದ ಸರಿದು ರಾಡಿಯ ಅಂಚಿಗೆ ಬಂದಳು. ನೀರಿಗೆ ಬೆನ್ನು ಮಾಡಿ ಎರಡೂ ತೋಳು ಅಗಲಿಸಿ ನಿಂತಳು. "ಅಲ್ಲೇ ಯವ್ವಾ, ಅಲ್ಲೇ. ಮುಂದ ಬರಬ್ಯಾಡ್ರಿ."

ಬೆನ್ನ ಹಿಂದೆ ಹುಟ್ಟು ಹಾಕುವ ಸದ್ದು ಹತ್ತಿರವಾಯಿತು. ಎದುರಿಗೆ ಇಡೀ ಊರಿನ ಮುಖಗಳು, ಬಾಯಿ ತುಸು ತೆರೆದು, ಎಲ್ಲರ ಕಣ್ಣುಗಳೂ ಒಟ್ಟಿಗೆ ಎಡದಿಂದ ಬಲಕ್ಕೆ ಮೆಲ್ಲನೆ ಹೊರಳುತ್ತಿದ್ದವು. ಅವುಗಳ ನಡುವೆ ಬೋರವ್ವ ಕೂತಿದ್ದಳು. ಎಳೆಬಿಸಿಲಿನಲ್ಲಿ ಗಳಗಳ ನೆರಳುಗಳು ಒಂದರ ಹಿಂದೊಂದು ಅವಳ ಮಡಿಲ ಮೇಲೆ ಹಾದು ಹೋದವು. ಏಳನೆಯದೂ ದಾಟಿ ಹೋಗುವವರೆಗೆ ರತ್ನವ್ವ ತಿರುಗಿ ನೋಡಲಿಲ್ಲ.