ಸೊಸೆಯ ಹೊಟ್ಟೆಯ ಅಳತೆ

ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿರುವವಳು ನಾನು. ಮೈ ನೋಡಿದರೆ ಸಾಕು, ಅಳತೆ ಹೇಳಿಬಿಡುತ್ತೇನೆ ಎಂಬ ಜಂಬ ಬೇರೆ. ಸೊಸೆ ಬಸುರಿಯಾದಾಗ ಆ ಜಂಬ ತಲೆಗೇರಿತು. ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲೊಂದು ಗಡ್ಡೆ ಕಂಡಿತ್ತು. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯಬಹುದು, ಐದನೇ ತಿಂಗಳಲ್ಲಿ ತಪ್ಪದೆ ಬನ್ನಿ ಎಂದಿದ್ದರು ಡಾಕ್ಟರಮ್ಮ.

ಐದನೇ ತಿಂಗಳು ಬಂದಾಗ ಶಾಲೆಯ ಯೂನಿಫಾರ್ಮುಗಳ ಕಾಲ. ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಪ್ರತಿ ಶನಿವಾರ ಅವಳನ್ನು ಕಟಿಂಗ್ ಮೇಜಿನ ಪಕ್ಕ ನಿಲ್ಲಿಸಿ ಹೊಟ್ಟೆಗೆ ಟೇಪು ಹಿಡಿಯುತ್ತಿದ್ದೆ. ಒಂದಿಂಚು, ಒಂದೂವರೆ ಇಂಚು ಏರುತ್ತಲೇ ಇತ್ತು. ಮಗು ದುಂಡಗೆ ಬೆಳೆಯುತ್ತಿದೆ, ಸ್ಕ್ಯಾನಿಗೇನು ಅವಸರ ಎಂದೆ. ಅವಳು ನೋವೆಂದು ಹೊಟ್ಟೆ ಹಿಡಿದು ಕೂತರೆ, ಚೊಚ್ಚಲು ಅಂದರೆ ಹೀಗೇ, ಗುಂಡಿ ಹೊಲಿ, ಮರೆತುಹೋಗುತ್ತೆ ಎಂದು ಗದರಿದೆ. ಪಾಪ, ಅವಳು ಎದುರಾಡುವವಳಲ್ಲ.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಇಸ್ತ್ರಿ ಮಾಡುತ್ತಿದ್ದವಳ ಕಾಲಿನ ಮೇಲೆ ರಕ್ತ ಇಳಿಯಿತು. ಬಸ್ ಓಡಿಸುವ ನನ್ನ ಮಗ ಡ್ಯೂಟಿ ಬಿಟ್ಟು ನೇರ ಆಸ್ಪತ್ರೆಗೆ ಬಂದ. ಡಾಕ್ಟರಮ್ಮ ಸ್ಕ್ಯಾನ್ ನೋಡಿ ನನ್ನ ಕಡೆ ತಿರುಗಿದರು.

“ಇಷ್ಟು ಬೆಳೆದಿರೋದು ಗಡ್ಡೆ ಕಣಮ್ಮಾ. ಮಗು ಸಣ್ಣದು, ಅಡ್ಡ ಮಲಗಿದೆ. ಗಡ್ಡೆ ಹೆರಿಗೆ ದಾರೀಲೇ ಕೂತಿದೆ.”

ಈಗಲೇ ಆಪರೇಷನ್ ಆಗಬೇಕು, ರಕ್ತ ನಿಲ್ಲದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕು, ತಾಯಿಯ ಜೀವದ ಬಗ್ಗೆಯೂ ಈಗಲೇ ಏನೂ ಹೇಳಲಾಗದು ಎಂದರು. ಮಗ ಕಾಗದಕ್ಕೆ ಸಹಿ ಹಾಕಿದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಒಳಗೆ ತಳ್ಳಿಕೊಂಡು ಹೋಗುವಾಗ ಸೊಸೆ ನನ್ನ ಕೈ ಹಿಡಿದಳು. “ಅತ್ತೆ, ಮಗು ಚೆನ್ನಾಗಿದೆ ತಾನೆ?”

ಯಾವತ್ತೂ ಉತ್ತರಕ್ಕೆ ತಡಕಾಡಿದವಳಲ್ಲ ನಾನು. “ಗೊತ್ತಿಲ್ಲ ಕಣೇ,” ಎಂದೆ. ಅವಳ ಬೆರಳು ಸಡಿಲವಾಯಿತು.

ರಕ್ತದ ಚೀಲಗಳು ಒಂದಾದ ಮೇಲೊಂದು ಒಳಗೆ ಹೋದವು. ಕೊನೆಗೆ ನರ್ಸು ಅಂಗೈಯಗಲದ ಹೆಣ್ಣುಮಗುವನ್ನು ತೋರಿಸಿ ಗಾಜಿನ ಪೆಟ್ಟಿಗೆಗೆ ಒಯ್ದಳು. ತಾಯಿ ಹೇಗಿದ್ದಾಳೆಂದು ಮಗನೇ ಕೇಳಿದ. ಇನ್ನೊಂದು ಗಂಟೆ ಕಳೆದ ಮೇಲೆ ರಕ್ತ ನಿಂತಿತು. ಗರ್ಭಕೋಶ ಉಳಿಯಿತು, ಗಡ್ಡೆಯೂ ಅಲ್ಲೇ ಉಳಿಯಿತು. ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಹಾಲಿನ ಫ್ಲಾಸ್ಕ್ ಹಿಡಿದು ವಾರ್ಡಿಗೆ ಹೋದೆ. ತಪ್ಪಾಯಿತು ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಪರದೆಯ ಹಿಂದೆ ಅವಳು ಗಂಡನೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದಳು.

“ಆರು ವಾರಕ್ಕೆ ಮತ್ತೆ ತೋರಿಸ್ಬೇಕಂತೆ. ತಾರೀಖು ನೀವೇ ನೆನಪಿಟ್ಕೊಳ್ಳಿ. ಅತ್ತೆಗೆ ಹೇಳ್ಬೇಡಿ.”

ನನ್ನ ಮಗ ಹೂಂ ಎಂದ.